ಗಟ್ಟಿ ಪೆಡಲ್‌ನ ಗುಟ್ಟು



ಹಬ್ಬ-ಹರಿದಿನ, ಊರಿನ ನೆನಪು, ಓದಿದ ಪುಸ್ತಕ ಎಂದೆಲ್ಲ ಬರೆಯುವ ಈ ಅಂಕಣದಲ್ಲಿ ಈ ಸಲ ಕಾರಿನ ಬ್ರೇಕ್ ಪೆಡಲ್ ಬಗ್ಗೆ ಬರೆಯುತ್ತೇನೆಂದರೆ ನಿಮಗೆ ನಗು ಬರಬಹುದು. "ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿ ಅಡುಗೆಮನೆ ಸೇರಿದ ಆಂಟಿಗೆ ಕಾರಿನ ಹೊಟ್ಟೆಯೊಳಗಿನ ಸಂಗತಿ ಏನು ಗೊತ್ತು?" ಎಂದು ನೀವು ಕೇಳಿದರೆ ತಪ್ಪಿಲ್ಲ. 2019ರ ಜೂನ್‌ವರೆಗೆ ನನಗೂ ಏನೂ ಗೊತ್ತಿರಲಿಲ್ಲ. ಆ ತಿಂಗಳು ಅಮೆರಿಕದ ಓಹಾಯೋದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿ ನಾನು ಉಪ್ಪಿಟ್ಟು ಮಾಡಿದ ಹೊತ್ತಿಗಿಂತ ಅವನ ಗ್ಯಾರೇಜಿನಲ್ಲಿ ಕಳೆದ ಹೊತ್ತೇ ಹೆಚ್ಚು.

ಮಗನೂ ನಿಮ್ಮ ಹಾಗೆಯೇ ಮುಂಬಯಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ಮಾತನಾಡುತ್ತಾನೆ, ಓದುವಾಗ ತಡವರಿಸುತ್ತಾನೆ. "ಹಳೇ ಕಾರೊಂದು ತಗೊಂಡಿದ್ದೀನಿ, ರಿಪೇರಿ ಮಾಡ್ತಾ ಇದ್ದೀನಿ" ಎಂದು ಫೋನಿನಲ್ಲಿ ಹೇಳಿದ್ದ. ಅದು ಓಡಾಟಕ್ಕಲ್ಲ, ಓಟಕ್ಕೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಅದಕ್ಕೆ ಡ್ರ್ಯಾಗ್ ರೇಸ್ ಎನ್ನುತ್ತಾರೆ. ನೇರವಾದ ರಸ್ತೆಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದ ಕೂಡಲೇ ಬಿಟ್ಟ ಬಾಣದಂತೆ ಹೊರಡುತ್ತವೆ. ಕಾಲು ಮೈಲಿ, ಅಂದರೆ 402 ಮೀಟರ್ ಮುಗಿದರೆ ಓಟವೂ ಮುಗಿಯಿತು. ತಿರುವಿಲ್ಲ, ಸುತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಕಾರುಗಳ ಎಂಜಿನ್ ತಿದ್ದಿ, ಒಣಗಿದ ಸರೋವರಗಳ ಮೇಲೂ ಊರ ರಸ್ತೆಗಳಲ್ಲೂ ಓಡಿಸುತ್ತಿದ್ದರಂತೆ. 1950ರಲ್ಲಿ ಸಾಂತಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಜಾಗದಲ್ಲೇ ಇಂಥ ಓಟ ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿದರು. ಬೀದಿಯಲ್ಲಿ ಓಡಿಸಿ ಸಾಯುವ ಬದಲು, ನಿಯಮವಿರುವ ಜಾಗದಲ್ಲಿ ಓಡಿಸಲಿ ಎಂಬುದು ಅವರ ಉದ್ದೇಶ. ಇಂದಿಗೂ ಅಲ್ಲಿನ ಅನೇಕ ಟ್ರ್ಯಾಕ್‌ಗಳಲ್ಲಿ ಕೆಲವು ಸಂಜೆಗಳಂದು ಸಾಮಾನ್ಯ ಜನರೂ ತಮ್ಮ ಕಾರು ತಂದು, ತಪಾಸಣೆ ಮಾಡಿಸಿಕೊಂಡು ಓಡಿಸಬಹುದು. ನನ್ನ ಮಗನ ಶನಿವಾರಗಳು ಹೀಗೆ ಕಳೆಯುತ್ತಿದ್ದವು.

ನಾನು ಹೋದ ಮೂರನೆಯ ದಿನ ಅವನು ಕರೆದ. "ಅಮ್ಮಾ, ಒಂದು ನಿಮಿಷ ಬಾ. ಕಾರಲ್ಲಿ ಕೂತು ಬ್ರೇಕ್ ಒತ್ತಬೇಕು. ನಾನು ಕೆಳಗಿಂದ ನೋಡ್ತೀನಿ." ಸೀರೆ ಸರಿಮಾಡಿಕೊಂಡು ಕುಳಿತೆ. ಎಂಜಿನ್ ಗುಡುಗುತ್ತಿತ್ತು. ಪೆಡಲ್ ಒತ್ತಿದೆ. ಅದು ಅಲುಗಲೇ ಇಲ್ಲ. ಎರಡು ಕಾಲೂ ಇಟ್ಟು ಒತ್ತಿದೆ.

"ಕಲ್ಲಿನ ಹಾಗಿದೆಯಲ್ಲೋ!"

"ಹೂಂ, ಸ್ವಲ್ಪ ಗಟ್ಟಿ. ಜೋರಾಗಿ ಒತ್ತಿದರೆ ನಿಲ್ಲುತ್ತೆ."

"ಎಲ್ಲಿ ನಿಲ್ಲುತ್ತೆ?"

ಅವನು ಉತ್ತರ ಕೊಡಲಿಲ್ಲ. ಅಂದು ಬುಧವಾರ. ಶನಿವಾರ ಓಡಿಸುವ ಯೋಚನೆ ಅವನದು. ಬೂಸ್ಟರ್ ಎಂಬ ಭಾಗ ಕೆಟ್ಟಿರಬೇಕೆಂದು ಊಹಿಸಿ, ಹಿಂದಿನ ತಿಂಗಳೇ ದುಡ್ಡು ಕೊಟ್ಟು ಹೊಸದು ಹಾಕಿಸಿದ್ದನಂತೆ. ಆದರೂ ಪೆಡಲ್ ಮೊದಲಿನಷ್ಟೇ ಗಟ್ಟಿಯಾಗಿತ್ತು. ರೋಗ ಏನೆಂದು ನೋಡದೆ ಔಷಧ ಕುಡಿದ ಹಾಗಾಯಿತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನ ಕಪಾಟಿನಲ್ಲಿದ್ದ ದಪ್ಪ ಸರ್ವಿಸ್ ಮ್ಯಾನ್ಯುಯಲ್ ತೆಗೆದು ಓದತೊಡಗಿದೆ. ಯಂತ್ರ ತಿಳಿಯದಿದ್ದರೂ ಇಂಗ್ಲಿಷ್ ತಿಳಿಯುತ್ತದಲ್ಲ! ಅರ್ಥವಾಗದ್ದನ್ನು ಗುರುತು ಹಾಕಿಟ್ಟು ಬೆಳಗ್ಗೆ ಅವನನ್ನು ಕೇಳಿದೆ. ಅವನಿಗೆ ಯಂತ್ರ ಗೊತ್ತು, ಆದರೆ ಪುಸ್ತಕವನ್ನು ಸಾಲು ಬಿಡದೆ ಓದುವ ತಾಳ್ಮೆ ಇಲ್ಲ. ಹೀಗೆ ತಾಯಿ-ಮಗ ಸೇರಿ ಒಂದು ಮೆಕ್ಯಾನಿಕ್ ಆದೆವು ಅನ್ನಿ.

ಮೊದಲು ತಿಳಿಯಬೇಕಾದದ್ದು ಪೆಡಲ್‌ನ ಭಾಷೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದೆ ಎಂದು ಸಂಶಯಪಡಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೆ ಸವೆದಿದೆ. ಕಲ್ಲಿನಂತೆ ಗಟ್ಟಿಯಾಗಿದ್ದು ಕಾರೂ ನಿಲ್ಲದಿದ್ದರೆ, ಹೆಚ್ಚಾಗಿ ಕಾಲಿಗೆ ಸಿಗಬೇಕಾದ ನೆರವು ತಪ್ಪಿಹೋಗಿದೆ ಎಂದರ್ಥ.

ಆ ನೆರವು ಕೊಡುವುದೇ ಬೂಸ್ಟರ್. ಬಿಸಿ ಸಾರಿನ ಪಾತ್ರೆಗೆ ಬಿಗಿಯಾದ ಮುಚ್ಚಳ ಹಾಕಿ ಮರೆತರೆ, ತಣ್ಣಗಾದ ಮೇಲೆ ಎಷ್ಟು ಎಳೆದರೂ ಬರುವುದಿಲ್ಲ, ನೋಡಿದ್ದೀರಲ್ಲ? ಒಳಗಿನ ಹಬೆ ತಣಿದು ಒತ್ತಡ ಕಡಿಮೆಯಾಗಿರುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿದಿರುತ್ತದೆ. ಬೂಸ್ಟರ್ ಕೆಲಸ ಮಾಡುವುದೂ ಹೀಗೆಯೇ. ಪೆಡಲ್‌ನ ಮುಂದೆ ಒಂದು ದುಂಡನೆಯ ದೊಡ್ಡ ಡಬ್ಬಿ, ಅದರ ನಡುವೆ ಒಂದು ರಬ್ಬರ್ ಪರದೆ. ಪೆಟ್ರೋಲ್ ಎಂಜಿನ್ ಗಾಳಿ ಹೀರುವಾಗ ಅದರ ಒಳಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಒಂದು ಹೋಸ್ ಪೈಪ್ ಮೂಲಕ ಡಬ್ಬಿಯೊಳಗಿನ ಗಾಳಿಯನ್ನೂ ಅದು ಹೀರಿಬಿಡುತ್ತದೆ. ನೀವು ಪೆಡಲ್ ಒತ್ತಿದಾಗ ಪರದೆಯ ಒಂದು ಬದಿಗೆ ಮಾತ್ರ ಹೊರಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ನಿಮ್ಮ ಕಾಲಿನ ಜೊತೆಗೆ ಗಾಳಿಯ ಕಾಲೂ ಒತ್ತಿದ ಹಾಗೆ. ಬೆಲ್ಜಿಯಂನ ಆಲ್ಬರ್ಟ್ ಡೆವಾಂಡ್ರ್ ಎಂಬವರು 1920ರ ದಶಕದಲ್ಲಿ ರೂಪಿಸಿದ ಉಪಾಯ ಇದು.

ಈ ನಿರ್ವಾತವನ್ನು ಪಾದರಸದ ಇಂಚುಗಳಲ್ಲಿ ಅಳೆಯುತ್ತಾರೆ. ಆರೋಗ್ಯವಾಗಿರುವ ಸಾಮಾನ್ಯ ಪೆಟ್ರೋಲ್ ಎಂಜಿನ್ ನಿಂತಲ್ಲೇ ತಿರುಗುವಾಗ ಸುಮಾರು 17ರಿಂದ 21 ಇಂಚು ಕೊಡುತ್ತದೆ. ಪರದೆಯ ಅಗಲ 23 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 18 ಇಂಚು ನಿರ್ವಾತವಿದ್ದರೆ ಗಾಳಿ ಅದನ್ನು ಸುಮಾರು 250 ಕಿಲೋ ಬಲದಿಂದ ತಳ್ಳಬಲ್ಲದು. 8 ಇಂಚು ಮಾತ್ರ ಇದ್ದರೆ ಆ ಬಲ ಸುಮಾರು 115 ಕಿಲೋಗೆ ಇಳಿಯುತ್ತದೆ. ಉಳಿದದ್ದನ್ನು ನಿಮ್ಮ ಕಾಲೇ ಕೊಡಬೇಕು.

ಗುರುವಾರ ಸಂಜೆ ಪರೀಕ್ಷೆ ಶುರುಮಾಡಿದೆವು. ಮೊದಲನೆಯದಕ್ಕೆ ಯಾವ ಉಪಕರಣವೂ ಬೇಡ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಡಬ್ಬಿಯಲ್ಲಿ ಉಳಿದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಹಾಗೆಯೇ ಒತ್ತಿ ಹಿಡಿದು ಎಂಜಿನ್ ಶುರುಮಾಡಬೇಕು. ಎಲ್ಲ ಸರಿಯಿದ್ದರೆ ಪೆಡಲ್ ಕಾಲ ಕೆಳಗೆ ತುಸು ಇಳಿಯುತ್ತದೆ. ನಮ್ಮದು ಇಳಿಯಿತೋ ಇಲ್ಲವೋ ಎನ್ನುವಷ್ಟೇ ಇಳಿಯಿತು.

ಎರಡನೆಯದು ಸೋರಿಕೆಯ ಪರೀಕ್ಷೆ. ಎಂಜಿನ್ ಓಡಿಸಿ, ವೇಗ ಏರಿಸಿ, ಆಕ್ಸಿಲರೇಟರ್ ಬಿಟ್ಟು, ಆರಿಸಿ, ಕೆಲವು ನಿಮಿಷ ಕಾದು ಒತ್ತಿದೆವು. ಮೊದಲ ಒತ್ತು ಮೆತ್ತಗಿತ್ತು! ಎರಡನೆಯದು ಗಟ್ಟಿ. ಇದರಿಂದ ಎರಡು ಸಂಗತಿ ತಿಳಿದವು. ಡಬ್ಬಿ ಸೋರುತ್ತಿಲ್ಲ, ಪರದೆ ಹರಿದಿಲ್ಲ. ಹೋಸ್ ಡಬ್ಬಿಗೆ ಸೇರುವಲ್ಲಿ ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಕೂಡ ಸರಿಯಾಗಿದೆ. ಪೆಡಲ್ ಬಳಿ ಬುಸ್ ಎಂಬ ಸದ್ದೂ ಇರಲಿಲ್ಲ. ಹೋಸ್ ಬಿಚ್ಚಿ ನೋಡಿದೆವು. ಬಿರುಕಿರಲಿಲ್ಲ, ಒಳಗೆ ಮೆತ್ತಗಾಗಿ ಅಂಟಿಕೊಂಡಿರಲಿಲ್ಲ. ಚಕ್ರಗಳನ್ನು ತೆಗೆದು ನೋಡಿದ. ಪ್ಯಾಡ್‌ಗಳು ಗಾಜಿನಂತೆ ಹೊಳಪಾಗಿರಲಿಲ್ಲ, ಕ್ಯಾಲಿಪರ್ ಹಿಡಿದುಕೊಂಡಿರಲಿಲ್ಲ. ಕಾರಿನ ಕೆಳಗೆ ಹೋಗುವ ಮುನ್ನ ಜ್ಯಾಕ್ ಒಂದನ್ನೇ ನಂಬದೆ ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟಿದ್ದ ಎಂಬುದನ್ನೂ ಹೇಳಿಬಿಡುತ್ತೇನೆ.

ಮೂರನೆಯದಾಗಿ ಮೀಟರ್ ಹಾಕಿದೆವು. ಬೂಸ್ಟರಿಗೆ ಹೋಗುವ ಹೋಸಿನಲ್ಲಿ ಕವಲು ಮಾಡಿ ನಿರ್ವಾತದ ಮೀಟರ್ ಜೋಡಿಸಿದ. ಮುಳ್ಳು 8ರ ಹತ್ತಿರ ನಡುಗುತ್ತಾ ನಿಂತಿತು. ಮಗ ತಲೆಯ ಮೇಲೆ ಕೈಯಿಟ್ಟುಕೊಂಡ.

"ಕ್ಯಾಮ್, ಅಮ್ಮಾ! ನಾನೇ ಹಾಕಿದ ಕ್ಯಾಮ್!"

ಎಂಜಿನ್ನಿನ ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ಕ್ಯಾಮ್ ಶಾಫ್ಟ್. ಓಟಕ್ಕಾಗಿ ಮಾಡಿದ ಕ್ಯಾಮ್, ಒಳಬರುವ ವಾಲ್ವ್ ಮತ್ತು ಹೊರಹೋಗುವ ವಾಲ್ವ್ ಎರಡನ್ನೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಅದರಿಂದ ಶಕ್ತಿ ಹೆಚ್ಚುತ್ತದೆ. ನಿಧಾನವಾಗಿ ತಿರುಗುವಾಗ ಮಾತ್ರ ಗಾಳಿ ಹಿಂದುಮುಂದಾಗಿ, ಎಂಜಿನ್ ಗಡಗಡ ನಡುಗಿ, ನಿರ್ವಾತ ಬಿದ್ದುಹೋಗುತ್ತದೆ. ಆ ಗಡಗಡ ಸದ್ದೇ ಅವನಿಗೆ ಹೆಮ್ಮೆ. ಅಕ್ಕಪಕ್ಕದ ಹುಡುಗರೂ ಆ ಸದ್ದನ್ನು ಕೇಳಲು ಬರುತ್ತಿದ್ದರು. ಕಾರನ್ನು ಬೇಗ ಓಡಿಸಲು ಹಾಕಿದ ಭಾಗವೇ ಅದನ್ನು ನಿಲ್ಲಿಸುವ ಬಲವನ್ನು ಕದ್ದಿತ್ತು. ಹೊಸ ಬೂಸ್ಟರ್ ಪಾಪ ಏನು ಮಾಡೀತು? ಅದಕ್ಕೆ ಊಟವೇ ಇರಲಿಲ್ಲ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಇಳಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ "ಹೇಗೋ ನಿಂತ" ಕಾರು 160ರಲ್ಲಿ ಹೇಗೋ ನಿಲ್ಲುವುದಿಲ್ಲ. ಓಟದ ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2008ರ ಜೂನ್‌ನಲ್ಲಿ ನ್ಯೂ ಜೆರ್ಸಿಯ ಇಂಗ್ಲಿಷ್‌ಟೌನ್ ಟ್ರ್ಯಾಕಿನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಅನುಭವಿ ಚಾಲಕ, ಎಂಜಿನ್ ಸ್ಫೋಟಿಸಿ, ಕಾರು ನಿಲ್ಲದೆ ಟ್ರ್ಯಾಕಿನ ಕೊನೆ ದಾಟಿ ಪ್ರಾಣ ಕಳೆದುಕೊಂಡರು. ಮರುತಿಂಗಳೇ ಆ ಸಂಸ್ಥೆ ಅತಿ ವೇಗದ ವರ್ಗಗಳ ಓಟವನ್ನು ಕಾಲು ಮೈಲಿಯಿಂದ 1000 ಅಡಿಗೆ, ಅಂದರೆ ಸುಮಾರು 305 ಮೀಟರಿಗೆ ಇಳಿಸಿತು. ನಿಲ್ಲಲು ಜಾಗ ಬೇಕು ಎಂಬ ಒಂದೇ ಕಾರಣಕ್ಕೆ ಓಟವೇ ಚಿಕ್ಕದಾಯಿತು. ಇದನ್ನು ಓದಿ ಹೇಳಿದಾಗ ಮಗ ಸುಮ್ಮನೆ ಕೇಳಿದ. "ಈ ಶನಿವಾರ ಬೇಡ ಬಿಡು" ಎಂದು ತಾನೇ ಹೇಳಿದ. ನಾನಾಗಿ ಬೇಡ ಅಂದಿರಲಿಲ್ಲ.

ಸರಿ, ಈಗ ಉಪಾಯವೇನು? ಮುಂದಿದ್ದ ದಾರಿಗಳು ನಾಲ್ಕು. ಸೌಮ್ಯವಾದ ಕ್ಯಾಮ್ ಹಾಕುವುದು ಒಂದು. ಅದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ವಿದ್ಯುತ್ತಿನಿಂದ ನಡೆಯುವ ನಿರ್ವಾತ ಪಂಪ್ ಹಾಕುವುದು ಎರಡನೆಯದು. ರಸ್ತೆಯಲ್ಲಿ ದಿನವೂ ಓಡುವ ಕಾರಿಗೆ ಇದು ಒಳ್ಳೆಯದು. ನಿರ್ವಾತ ತುಂಬಿಡುವ ಟ್ಯಾಂಕ್ ಸಿಗುತ್ತದೆ, ಆದರೆ ಅದು ಒಂದೆರಡು ಒತ್ತಿಗೆ ಮಾತ್ರ. ತುಂಬುವವರೇ ಇಲ್ಲದಿದ್ದರೆ ಹಂಡೆ ದೊಡ್ಡದಿದ್ದು ಏನು ಪ್ರಯೋಜನ? ಪವರ್ ಸ್ಟೀರಿಂಗ್ ಪಂಪಿನ ಎಣ್ಣೆಯ ಒತ್ತಡದಿಂದ ನೆರವು ಪಡೆಯುವುದು ಮೂರನೆಯದು. ಬೂಸ್ಟರನ್ನೇ ತೆಗೆದು, ಕಾಲಿನ ಬಲವೇ ಸಾಲುವಂತೆ ಮಿಕ್ಕ ಭಾಗಗಳನ್ನು ಬದಲಿಸುವುದು ನಾಲ್ಕನೆಯದು. ತೂಕವೂ ಕಡಿಮೆಯಾಗುತ್ತದೆಂದು ಓಟದ ಕಾರುಗಳಲ್ಲಿ ಅನೇಕರು ಇದನ್ನೇ ಮಾಡುತ್ತಾರೆ. ಮಗ ಇದನ್ನು ಆರಿಸಿಕೊಂಡ.

ಬರೀ ಬೂಸ್ಟರ್ ತೆಗೆದರೆ ಪೆಡಲ್ ಇನ್ನೂ ಗಟ್ಟಿಯಾಗುತ್ತದೆ, ಜೋಕೆ! ಜೊತೆಗೆ ಎರಡು ಅಳತೆ ಬದಲಾಗಬೇಕು. ಒಂದು ಪೆಡಲ್‌ನ ಸನ್ನೆ. ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ಕಾಲಿನ ಬಲವನ್ನು ಸುಮಾರು 4 ಪಟ್ಟು ಮಾಡುತ್ತದೆ. ಬೂಸ್ಟರ್ ಇಲ್ಲದಿದ್ದರೆ ಸುಮಾರು 6 ಪಟ್ಟು ಬೇಕು. ಅವನ ಕಾರಿನ ಪೆಡಲ್‌ನಲ್ಲಿ ತಯಾರಕರೇ ಎರಡು ತೂತು ಕೊಟ್ಟಿದ್ದರು. ತಳ್ಳುವ ಸರಳನ್ನು ಕೆಳಗಿನ ತೂತಿನಿಂದ ಮೇಲಿನದಕ್ಕೆ, ಅಂದರೆ ಪೆಡಲ್‌ನ ಕೀಲಿಗೆ ಹತ್ತಿರಕ್ಕೆ ಬದಲಿಸಿದ. ಇನ್ನೊಂದು ಮಾಸ್ಟರ್ ಸಿಲಿಂಡರಿನ ಒಳ ಅಳತೆ. ಇದ್ದದ್ದು ಒಂದೂ ಕಾಲರ್ಧ ಇಂಚು, ಅಂದರೆ 28.6 ಮಿಲಿಮೀಟರ್. ಹಾಕಿದ್ದು 22.2 ಮಿಲಿಮೀಟರಿನದು. ಕಿರಿದಾದ ಸಿಲಿಂಡರಿನಲ್ಲಿ ಅದೇ ಬಲಕ್ಕೆ ಹೆಚ್ಚು ಒತ್ತಡ ಹುಟ್ಟುತ್ತದೆ.

ಕಾಗದದ ಮೇಲೆ ಲೆಕ್ಕ ಹಾಕಿದೆವು. ಕಾಲು 30 ಕಿಲೋ ಬಲ ಕೊಟ್ಟರೆ, ಬೂಸ್ಟರ್ ತೆಗೆದು ಮಿಕ್ಕದ್ದನ್ನು ಹಾಗೇ ಬಿಟ್ಟಾಗ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 19 ಕಿಲೋ. ಎರಡೂ ಅಳತೆ ಬದಲಿಸಿದರೆ ಸುಮಾರು 46 ಕಿಲೋ. ಅದೇ ಕಾಲು, ಎರಡೂವರೆ ಪಟ್ಟು ಫಲ. ಆದರೆ ಪ್ರಕೃತಿ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಪೆಡಲ್ ಕೂಡ ಎರಡೂವರೆ ಪಟ್ಟು ದೂರ ಇಳಿಯಬೇಕಾಗುತ್ತದೆ. ಆದ್ದರಿಂದ ಪೆಡಲ್ ನೆಲಕ್ಕೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯುತ್ತದೆಯೇ ಎಂದು ನೋಡಲೇಬೇಕು. ಬೂಸ್ಟರ್ ಇಲ್ಲದ ಕಾರಿನ ಸಿಲಿಂಡರಿನಲ್ಲಿ ಸರಳು ಕೂರುವ ಕುಳಿ ಆಳವಾಗಿರಬೇಕು, ಇಲ್ಲದಿದ್ದರೆ ಸರಳು ಜಾರಿ ಬಿದ್ದು ಬ್ರೇಕೇ ಇಲ್ಲದಂತಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಎಚ್ಚರಿಸಿದ್ದು ನಾನು ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಭಾಗಗಳು ಬಂದ ಮೇಲೆ, ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಅವನು ಚಕ್ರದ ಬಳಿ ಕುಳಿತು ಸ್ಕ್ರೂ ಸಡಿಲಿಸುತ್ತಿದ್ದ, ನಾನು ಪೆಡಲ್ ಒತ್ತುತ್ತಿದ್ದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. "ಒತ್ತು... ಹಿಡಿ... ಬಿಡು." ಸ್ಕ್ರೂ ಬಿಗಿಯುವ ಮುನ್ನ ನಾನು ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ. ಒಂದು ಸಲ ಹಾಗೆಯೇ ಆಯಿತು, ಬೈಸಿಕೊಂಡೆ. "ಒತ್ತು, ಹಿಡಿ, ಬಿಡು" ಎಂದು ಎರಡು ಗಂಟೆ ಕಾಲ ಅವನು ಆಡಿದ ಕನ್ನಡ, ಅಲ್ಲಿಗೆ ಹೋದಾಗಿನಿಂದ ನಾನು ಕೇಳಿದ ಅವನ ಕನ್ನಡಕ್ಕಿಂತ ಹೆಚ್ಚೇ ಇರಬೇಕು!

ಆಮೇಲೆ ಖಾಲಿ ಜಾಗದಲ್ಲಿ ಪರೀಕ್ಷೆ. ಮೊದಲು ಗಂಟೆಗೆ 30 ಕಿಲೋಮೀಟರ್, ಆಮೇಲೆ 50, ಆಮೇಲೆ 65. ಕಾರು ಪಕ್ಕಕ್ಕೆ ಎಳೆಯದೆ ನೇರವಾಗಿ ನಿಂತಿತು. ನನ್ನನ್ನೂ ಕೂರಿಸಿ ಪೆಡಲ್ ಒತ್ತಿಸಿದ. ಮನೆಯ ಕಾರಿನಷ್ಟು ಹಗುರವಾಗಿರಲಿಲ್ಲ. ಆದರೆ ನನ್ನ ಕಾಲಿಗೆ ಮಣಿಯಿತು, ಕಾರು ನಿಂತಿತು. ಅಷ್ಟು ಸಾಕು.

ಎರಡು ವಾರ ಕಳೆದು ಟ್ರ್ಯಾಕಿಗೆ ನಾನೂ ಹೋದೆ. ಎಲ್ಲರ ಕಣ್ಣೂ ಹೊರಡುವ ಗೆರೆಯ ಮೇಲಿತ್ತು. ನಾನು ಮಾತ್ರ ಅತ್ತ ಕೊನೆಯನ್ನೇ ನೋಡುತ್ತಾ ಕುಳಿತೆ. ಗೆರೆ ದಾಟಿದ ಮೇಲೆ ದೂರದಲ್ಲಿ ಎರಡು ಕೆಂಪು ದೀಪ ಹೊತ್ತಿಕೊಂಡವು. ಕಾರು ನಿಧಾನವಾಗಿ, ಹೊರಹೋಗುವ ದಾರಿಗೆ ತಿರುಗಿತು. ಎಷ್ಟು ಸೆಕೆಂಡ್ ಆಯಿತೆಂದು ಅವನು ಬಂದು ಸಂಭ್ರಮದಿಂದ ಹೇಳಿದ. ನನಗದು ನೆನಪಿಲ್ಲ. ಆ ಕೆಂಪು ದೀಪ ನೆನಪಿದೆ.

ನಿಮ್ಮಲ್ಲಿ ಯಾರೂ ಓಟದ ಕಾರು ಇಟ್ಟುಕೊಂಡಿರಲಿಕ್ಕಿಲ್ಲ. ಆದರೆ ಅಪ್ಪನ ಕಾರಿನಲ್ಲೂ ಇದೇ ಬಗೆಯ ಬೂಸ್ಟರ್ ಇರಬಹುದು. ಡೀಸೆಲ್ ಕಾರಿನಲ್ಲಿ ನಿರ್ವಾತಕ್ಕೆ ಬೇರೆ ಪಂಪ್ ಇರುತ್ತದೆ, ಅದೂ ಎಂಜಿನ್ ತಿರುಗಿದರಷ್ಟೇ ತಿರುಗುತ್ತದೆ. ಆದ್ದರಿಂದ ಎರಡು ಮಾತು. ಗಣಪತಿ ಹಬ್ಬಕ್ಕೋ ಮದುವೆಗೋ ಕಾರಿನಲ್ಲಿ ಊರಿಗೆ ಹೊರಟಾಗ, ಘಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಡಬ್ಬಿಯಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಮುಂದಿನ ತಿರುವಿನಲ್ಲಿ ಪೆಡಲ್ ಕಲ್ಲಾಗುತ್ತದೆ. ಗೇರಿನಲ್ಲೇ ಇಳಿಯಿರಿ. ಅಕಸ್ಮಾತ್ ಎಂಜಿನ್ ತಾನಾಗಿ ನಿಂತರೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡಬೇಡಿ. ಒಮ್ಮೆ ಒತ್ತಿ, ಎರಡು ಕಾಲಿನ ಬಲ ಹಾಕಿಯಾದರೂ ಬಿಡದೆ ಹಿಡಿಯಿರಿ.

ಎರಡನೆಯದು, ನಾನು ಹೇಳಿದ ಮೊದಲ ಪರೀಕ್ಷೆ. ಈ ಭಾನುವಾರ, ನಿಂತ ಕಾರಿನಲ್ಲಿ, ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್ ಬ್ರೇಕ್ ಎಳೆದು, ಅಪ್ಪನ ಜೊತೆ ಕುಳಿತು ಮಾಡಿ ನೋಡಿ. ಎರಡು ನಿಮಿಷದ ಕೆಲಸ. ಪೆಡಲ್ ಇಳಿಯದಿದ್ದರೆ ಕೂಡಲೇ ಬಲ್ಲವರಿಗೆ ತೋರಿಸಿ. ಭಾಗ ಬದಲಿಸುವ ಮೊದಲು "ಅಳೆದು ನೋಡಿದಿರಾ?" ಎಂದು ಒಂದು ಪ್ರಶ್ನೆ ಕೇಳಿ.

ಇನ್ನು ನಿಮ್ಮ ಅಮ್ಮಂದಿರನ್ನೂ ಕರೆಯಿರಿ. ಪೆಡಲ್ ಒತ್ತಲು ಒಬ್ಬರು ಬೇಕಲ್ಲವೇ? "ಜೋರಾಗಿ ಒತ್ತಿದರೆ ನಿಲ್ಲುತ್ತೆ" ಎಂದು ನೀವು ಅಂದಾಗ, "ಎಲ್ಲಿ ನಿಲ್ಲುತ್ತೆ?" ಎಂದು ಕೇಳಲೂ ಒಬ್ಬರು ಬೇಕು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.